ಬೆಂಜೊದ ನಕಲು ಯಾರು ಮಾಡಬೇಕು?

ಹಳೆಯ ಎಲೆಕ್ಟ್ರಿಕ್ ಕೀಬೋರ್ಡುಗಳ ನಕಲುಗಳನ್ನು ಕಂಪ್ಯೂಟರಿನಲ್ಲಿ ಹುಡುಕಿ ತುಂಬಿಕೊಳ್ಳುವುದು ಸಂಗೀತ ಮಾಡುವ ಹುಡುಗರಿಗೆ ಈಗ ಒಂದು ಗೀಳೇ ಆಗಿದೆ. ಫೆಂಡರ್ ರೋಡ್ಸ್, ವುರ್ಲಿಟ್ಸರ್, ಹ್ಯಾಮಂಡ್ ಆರ್ಗನ್, ಫಾರ್ಫಿಸಾ, ಕ್ಲಾವಿನೆಟ್. ಈ ಪೆಟ್ಟಿಗೆಗಳನ್ನು ಕಣ್ಣಾರೆ ಕಂಡವರು ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆ ಎಷ್ಟು ಮಂದಿ ಇದ್ದಾರು? ಆದರೆ ಇವುಗಳ ದನಿ ಎಲ್ಲರ ಕಿವಿಗೂ ಬಿದ್ದಿದೆ. 1970ರ ದಶಕದ ಸಿನಿಮಾ ಹಾಡುಗಳ ಜೊತೆ ರೇಡಿಯೊದಲ್ಲಿ ಬಂದು ನಮ್ಮ ಹೊಲ, ಹೋಟೆಲು, ಬಸ್ಸುಗಳಲ್ಲಿ ಅವು ನುಡಿದು ಹೋಗಿವೆ. ನಾಲ್ಕು ಜನ ಸೇರಿ ಎತ್ತಬೇಕಾಗಿದ್ದ ಹ್ಯಾಮಂಡ್ ಬಿ-3 ಇಂದು ಒಂದು ಲ್ಯಾಪ್‌ಟಾಪಿನೊಳಗೆ ಅಡಗಿ ಕೂತಿದೆ. ಫ್ರಾನ್ಸಿನ ಆರ್ಟೂರಿಯಾ ಎಂಬ ಕಂಪನಿ ಇಂಥ ಹತ್ತಾರು ವಾದ್ಯಗಳನ್ನು ಒಂದೇ ಗಂಟಿನಲ್ಲಿ ಮಾರುತ್ತದೆ. ಆ್ಯಪಲ್‌ನ ಗ್ಯಾರೇಜ್‌ಬ್ಯಾಂಡಿನಲ್ಲಿ ಕೆಲವು ಬಿಟ್ಟಿಯಾಗಿಯೇ ಸಿಗುತ್ತವೆ.

ಈ ನಕಲುಗಳು ಹೇಗಿವೆ? ಪ್ರಾಮಾಣಿಕವಾಗಿ ಹೇಳುವುದಾದರೆ, ಬಹಳ ಚೆನ್ನಾಗಿವೆ. ಮಾಡುವ ವಿಧಾನ ಎರಡು. ಮೊದಲನೆಯದರಲ್ಲಿ ನಿಜವಾದ ವಾದ್ಯದ ಒಂದೊಂದು ಕೀಲಿಯನ್ನೂ ಮೆಲ್ಲಗೆ, ಮಧ್ಯಮವಾಗಿ, ಜೋರಾಗಿ ಒತ್ತಿ ಧ್ವನಿಮುದ್ರಿಸಿಕೊಂಡು, ನಾವು ಕೀಲಿ ಒತ್ತಿದಾಗ ತಕ್ಕದ್ದನ್ನು ಹೊರಗೆ ಬಿಡುತ್ತಾರೆ. ಇದಕ್ಕೆ ಸ್ಯಾಂಪ್ಲಿಂಗ್ ಎನ್ನುತ್ತಾರೆ. ಎರಡನೆಯದು ಮಾಡೆಲಿಂಗ್. ಇಲ್ಲಿ ಧ್ವನಿಯನ್ನು ಕದ್ದಿಡುವುದಿಲ್ಲ. ಸುತ್ತಿಗೆ ಹೇಗೆ ಬಡಿಯಿತು, ಲೋಹ ಹೇಗೆ ನಡುಗಿತು, ಆ ನಡುಕವನ್ನು ವಿದ್ಯುತ್ ಸುರುಳಿ ಹೇಗೆ ಹಿಡಿಯಿತು ಎಂಬುದನ್ನೆಲ್ಲ ಲೆಕ್ಕ ಹಾಕಿ ದನಿಯನ್ನು ಆಗಿಂದಾಗ್ಗೆ ಹುಟ್ಟಿಸುತ್ತಾರೆ. ಮೊದಲನೆಯದು ಫೋಟೊ ಇದ್ದ ಹಾಗೆ, ಎರಡನೆಯದು ಒಳ್ಳೆಯ ನಟನ ವೇಷ ಇದ್ದ ಹಾಗೆ.

ನನಗೆ ಇದರಲ್ಲಿ ಕುತೂಹಲ ಹುಟ್ಟಿಸುವುದು ತಂತ್ರಕ್ಕಿಂತ ಹೆಚ್ಚಾಗಿ ದೋಷಗಳ ಬಗ್ಗೆ ಇವರಿಗಿರುವ ಮಮತೆ. ಹ್ಯಾಮಂಡ್ ಆರ್ಗನ್ನಿನ ಕೀಲಿ ಒತ್ತಿದಾಗ ಒಂದು ಸಣ್ಣ 'ಟಿಕ್' ಸದ್ದು ಬರುತ್ತಿತ್ತು. 1935ರಲ್ಲಿ ಅದನ್ನು ಮಾರುಕಟ್ಟೆಗೆ ತಂದವರಿಗೆ ಅದೊಂದು ಕೊರತೆ. ಆದರೆ ಜಾಝ್ ಮತ್ತು ಚರ್ಚಿನ ವಾದಕರು ಆ ಸದ್ದನ್ನೇ ತಾಳದಂತೆ ಬಳಸಿಕೊಂಡರು. ಇಂದಿನ ಸಾಫ್ಟ್‌ವೇರಿನಲ್ಲಿ ಆ ಟಿಕ್ ಸದ್ದನ್ನು ಹೆಚ್ಚು ಕಡಿಮೆ ಮಾಡಲಿಕ್ಕೆಂದೇ ಒಂದು ಗುಂಡಿ ಇದೆ! ಎರಡನೇ ಮಹಾಯುದ್ಧದ ಕಾಲದಲ್ಲಿ ಗಾಯಗೊಂಡ ಸೈನಿಕರು ಹಾಸಿಗೆಯಲ್ಲೇ ನುಡಿಸಲೆಂದು ಹೆರಾಲ್ಡ್ ರೋಡ್ಸ್ ಒಂದು ಪುಟ್ಟ ಪಿಯಾನೊ ಮಾಡಿಕೊಟ್ಟ. ವಿಮಾನದ ಬಿಡಿಭಾಗಗಳ ಅಲ್ಯೂಮಿನಿಯಂ ಕೊಳವೆಗಳೇ ಅದಕ್ಕೆ ಸಾಮಗ್ರಿ. ಅವನ ಹೆಸರಿನ ಎಲೆಕ್ಟ್ರಿಕ್ ಪಿಯಾನೊ ಬೆಳೆದದ್ದು ಅದೇ ಮೂಲದಿಂದ. ಅದರ ನಕಲಿನಲ್ಲಿ ಕೀಲಿ ಮೇಲೇಳುವ ಸಪ್ಪಳ, ಲೋಹದ ಕಡ್ಡಿಗಳ ಗುಂಯ್‌ಗುಡುವಿಕೆ ಎಲ್ಲವೂ ಸೇರಿವೆ. ಒಂದು ವಾದ್ಯವನ್ನು ಅದರ ಕೆಮ್ಮು ನೆಗಡಿ ಸಮೇತ ಉಳಿಸಿಕೊಳ್ಳುವುದೆಂದರೆ ಅದನ್ನು ಪ್ರೀತಿಸಿದ್ದಾರೆ ಎಂದೇ ಅರ್ಥ.

ಹಾಗಾದರೆ ನಮ್ಮ ಸೀಮೆಯ ಹಳೆಯ ಎಲೆಕ್ಟ್ರಿಕ್ ಕೀಬೋರ್ಡು ಯಾವುದು?

ನನ್ನ ಉತ್ತರ ಬೆಂಜೊ. ಅಮೆರಿಕದ ಚರ್ಮದ ಹೊದಿಕೆಯ ಬ್ಯಾಂಜೊ ಬೇರೆ, ಇದು ಬೇರೆ. ಉದ್ದನೆಯ ಹಲಗೆಯ ಮೇಲೆ ತಂತಿಗಳು, ತಂತಿಗಳ ಮೇಲೆ ಟೈಪ್‌ರೈಟರಿನಂಥ ಗುಂಡಿಗಳು. ಎಡಗೈ ಗುಂಡಿ ಒತ್ತುತ್ತದೆ, ಬಲಗೈ ನಕ್ಕಿಯಿಂದ ಮೀಟುತ್ತದೆ. ಇದರ ತವರು ಜಪಾನು. 1912ರಲ್ಲಿ ನಗೋಯಾದ ಗೊರೊ ಮೊರಿಟಾ ಎಂಬಾತ ತೈಶೊಗೊತೊ ಎಂಬ ಹೆಸರಿನಲ್ಲಿ ಇದನ್ನು ರೂಪಿಸಿದ. ಅದು ಹಿಂದುಸ್ತಾನಕ್ಕೆ ಬಂದು ಬುಲ್‌ಬುಲ್ ತರಂಗ್ ಆಯಿತು, ಪಿಕಪ್ ಹಾಕಿಸಿಕೊಂಡು ಆಂಪ್ಲಿಫೈಯರಿಗೆ ಅಂಟಿದ ಮೇಲೆ ಬೆಂಜೊ ಆಯಿತು. ಕರಾಚಿಯಿಂದ ಹೈದರಾಬಾದಿನವರೆಗೆ ಖವ್ವಾಲಿ ಮೇಳಗಳಲ್ಲಿ ಹಾರ್ಮೋನಿಯಂ ಪಕ್ಕದಲ್ಲಿ ಕೂತಿತು. ಮಹಾರಾಷ್ಟ್ರದಲ್ಲಿ ಗಣಪತಿ ಮೆರವಣಿಗೆಯ ಮುಂದೆ ನಡೆಯಿತು. ಸೊಲ್ಲಾಪುರದ ಗಾಳಿ ಬೀಸುವ ನಮ್ಮ ಭೀಮಾತೀರದ ಊರುಗಳಲ್ಲಿ ಉರೂಸಿಗೂ ಅದೇ, ಮದುವೆಗೂ ಅದೇ. ವಾದ್ಯ ಸಲ್ಲುತ್ತದೆಯೋ ಇಲ್ಲವೋ ಎಂಬ ಚರ್ಚೆ ನಮ್ಮಲ್ಲಿ ಹಳೆಯದು, ಅದನ್ನು ಬಲ್ಲವರಿಗೆ ಬಿಡುತ್ತೇನೆ. ಬೆಂಜೊ ಮಾತ್ರ ಯಾರ ಓಣಿ ಎಂದು ಕೇಳದೆ ನುಡಿಯಿತು.

ಬೆಂಜೊದ ನಕಲು ಇಲ್ಲವೇ ಇಲ್ಲ ಎನ್ನಲಾಗದು. ಬುಲ್‌ಬುಲ್ ತರಂಗ್ ಎಂಬ ಹೆಸರಿನಲ್ಲಿ ಮುದ್ರಿತ ಸ್ವರಗಳು ಹುಡುಕಿದರೆ ಸಿಗುತ್ತವೆ. ಆದರೆ ಕೇಳಿದವುಗಳಲ್ಲಿ ನನಗೆ ಸಿಕ್ಕಿದ್ದು ನಿಶ್ಶಬ್ದವಾದ ಕೋಣೆಯಲ್ಲಿ, ಒಳ್ಳೆಯ ಮೈಕಿನೆದುರು, ಸ್ನಾನ ಮಾಡಿಸಿ ಕೂರಿಸಿದಂಥ ವಾದ್ಯ. ಮೆರವಣಿಗೆಯ ಬೆಂಜೊದಲ್ಲಿ ಇರುವುದು ಬೇರೆಯದೇ ದನಿ. ಆಂಪ್ಲಿಫೈಯರು ತಾಳಲಾರದೆ ಸ್ವರ ಒಡೆಯಬೇಕು, ಭೋಂಗಾ ಸ್ಪೀಕರು ಕೆಳಗಿನ ಸ್ವರಗಳನ್ನು ನುಂಗಿ ಮೇಲಿನವನ್ನು ಕಿರುಚಿಸಬೇಕು, ಗುಂಡಿಗಳ ಕಟಕಟ ಕೇಳಬೇಕು. ಗುಂಡಿಯ ಮೇಲೆ ಬೆರಳಿನ ಭಾರ ಹೆಚ್ಚಾದರೆ ತಂತಿ ಬಿಗಿದು ಸ್ವರ ಕೂದಲೆಳೆಯಷ್ಟು ಮೇಲೇಳುತ್ತದೆ. ಆ ಕೂದಲೆಳೆಯಲ್ಲೇ ವಾದಕನ ಗುರುತು. ಹ್ಯಾಮಂಡಿನ ಟಿಕ್ ಸದ್ದಿಗೆ ಒಂದು ಗುಂಡಿ ಇಟ್ಟ ಲೋಕ ಬೆಂಜೊದ ಕಟಕಟವನ್ನು ಒರೆಸಿ ತೆಗೆಯುತ್ತದೆ. ಒಬ್ಬರ ದೋಷ ಗುಣವಾಗುವುದು, ಇನ್ನೊಬ್ಬರದು ಗಲೀಜಾಗುವುದು ಎಲ್ಲಿ ತೀರ್ಮಾನವಾಗುತ್ತದೆ?

ನಕಲು ಎಂದ ಮಾತ್ರಕ್ಕೆ ಮೂಗು ಮುರಿಯುವವನು ನಾನಲ್ಲ. 1954ರ 'ನಾಗಿನ್' ಚಿತ್ರ ನೆನಪಿರಬಹುದು. ಹೇಮಂತ್ ಕುಮಾರ್ ಸಂಗೀತದ ಆ ಚಿತ್ರದ ಪುಂಗಿಯ ಸ್ವರ ನಿಜವಾದ ಪುಂಗಿಯದ್ದಲ್ಲ. ಕಲ್ಯಾಣ್‌ಜಿ ನುಡಿಸಿದ ಕ್ಲಾವಿಯೊಲೈನ್ ಎಂಬ ಎಲೆಕ್ಟ್ರಿಕ್ ಕೀಬೋರ್ಡಿನದ್ದು, ಜೊತೆಗೆ ರವಿಯವರ ಹಾರ್ಮೋನಿಯಂ. ಆಮೇಲೆ ಏನಾಯಿತು? ಹಾವಾಡಿಗರೇ ತಮ್ಮ ಪುಂಗಿಯಲ್ಲಿ ಆ ಧಾಟಿ ಕಲಿತರು, ಬ್ಯಾಂಡಿನವರು ಕ್ಲಾರಿಯೊನೆಟ್ಟಿನಲ್ಲಿ ಕಲಿತರು, ಬೆಂಜೊದವರೂ ಕಲಿತರು. ಇವತ್ತಿಗೂ ಮದುವೆ ಮೆರವಣಿಗೆಯಲ್ಲಿ ಅದು ಶುರುವಾದರೆ ಯಾರಾದರೊಬ್ಬ ಕರವಸ್ತ್ರ ಕಚ್ಚಿ ನೆಲಕ್ಕೆ ಬೀಳಲೇಬೇಕು. ನಕಲೇ ಮೂಲವಾಯಿತು.

ಹಾರ್ಮೋನಿಯಂ ಕೂಡ ಹೊರಗಿನಿಂದ ಬಂದದ್ದೇ. ಮೀಂಡ್ ಬರುವುದಿಲ್ಲ, ಸ್ವರಸ್ಥಾನ ನಮ್ಮದಲ್ಲ ಎಂಬ ಆಕ್ಷೇಪಗಳ ನಡುವೆ 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತು. ನಿರ್ಬಂಧ ಸಡಿಲವಾದದ್ದು 1971ರಲ್ಲಿ. ಆದರೆ ಕಂಪನಿ ನಾಟಕ, ಸಣ್ಣಾಟ, ಭಜನೆಗಳ ಪೇಟಿ ಮಾಸ್ತರರು ಆಕಾಶವಾಣಿಯ ಅಪ್ಪಣೆಗೆ ಕಾಯಲಿಲ್ಲ. ಬೆಳಗಾವಿಯ ಪಂ. ರಾಮಭಾವು ಬಿಜಾಪುರೆ ಅಂಥವರು ಅದೇ ಪೇಟಿಯಿಂದ ಗಾಯಕಿಯನ್ನೇ ಹೊರಡಿಸಿದರು. ಈಗ ಯಮಹಾದಂಥ ಕಂಪನಿಗಳು ಭಾರತಕ್ಕೆಂದೇ ಮಾಡಿದ ಕೀಬೋರ್ಡುಗಳಲ್ಲಿ ಹಾರ್ಮೋನಿಯಂ ಒಂದು ಗುಂಡಿಯಾಗಿದೆ. ಅದರಲ್ಲಿ ರೀಡಿದೆ, ತಿದಿಯ ಉಸಿರಿಲ್ಲ. ಒಂದು ಸ್ವರವನ್ನು ಹಿಡಿದು ಗಾಳಿಯನ್ನು ಮೆಲ್ಲಗೆ ಸಡಿಲಿಸುವ ಪೇಟಿ ಮಾಸ್ತರರ ಎಡಗೈ ಅಲ್ಲಿ ಎಲ್ಲಿಂದ ಬರಬೇಕು?

ಒಳ್ಳೆಯ ನಕಲಿಗೆ ಕರ್ನಾಟಕದಲ್ಲೇ ಉದಾಹರಣೆ ಇದೆ. ಬೆಂಗಳೂರಿನ ಜಿ. ರಾಜ್ ನಾರಾಯಣ್ ಎಂಜಿನಿಯರ್, ಜೊತೆಗೆ ಕೊಳಲು ವಾದಕರು. ಅವರ ರಾಡೆಲ್ ಸಂಸ್ಥೆಯಿಂದ ಬಂದ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಂಬೂರಿಗಳು ಇಂದು ಸಂಗೀತ ಕಲಿಯುವವರ ಮನೆ ಮನೆಯಲ್ಲಿವೆ. ಅದು ನಿಂತದ್ದು ಯಾಕೆಂದರೆ ಶ್ರುತಿ ಬೇಕಾದವನೇ ಕೂತು ಅದನ್ನು ಮಾಡಿದ. ಯಾವ ಸ್ವರ ಎಷ್ಟು ಅಲುಗಬೇಕು ಎಂಬುದು ಅವನ ಕಿವಿಗೆ ಗೊತ್ತಿತ್ತು. ಬೆಂಜೊ ನುಡಿಸುವವನ ಕಿವಿಯನ್ನು ಕೇಳಿ ಮಾಡಿದ ಬೆಂಜೊದ ನಕಲು ಮಾತ್ರ ನನಗೆ ಇನ್ನೂ ಸಿಕ್ಕಿಲ್ಲ.

ಇಲ್ಲಿ ಹಲಸಂಗಿ ನೆನಪಾಗುತ್ತದೆ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಎಂಬ ಗೆಳೆಯರು ಬೀಸುವ ಕಲ್ಲಿನ ಮುಂದಿನ ಹಾಡುಗಳನ್ನು ಕಲೆಹಾಕಿದರು, 1931ರಲ್ಲಿ 'ಗರತಿಯ ಹಾಡು' ಬಂತು. ಅದೂ ಒಂದು ನಕಲೇ. ಧಾಟಿ ಅಚ್ಚಿಗೆ ಬರಲಿಲ್ಲ, ಕಲ್ಲಿನ ಗರಗರ ಬರಲಿಲ್ಲ, ಹಿಟ್ಟು ಮೆತ್ತಿದ ಕೈಯ ತಾಳ ಬರಲಿಲ್ಲ. ಖಾಜಾಭಾಯಿಯಂಥ ಲಾವಣಿಕಾರನಿದ್ದ ಊರದು. ಲಾವಣಿಯ ಡಪ್ಪು, ತುಂತುಣಿಗಳೂ ಪುಸ್ತಕದ ಹೊರಗೇ ಉಳಿದವು. ಆ ಗೆಳೆಯರನ್ನು ಇದಕ್ಕೆ ದೂರಲಾಗದು, ಅವರ ಕೈಯಲ್ಲಿ ಇದ್ದದ್ದು ಲೇಖನಿ. ಅವರ ದೊಡ್ಡತನ ಬೇರೆ ಕಡೆ ಇದೆ. ಓದಿದವರು ಕಿವಿಗೊಡದಿದ್ದ ಹೆಂಗಸರ ದನಿ ಪುಸ್ತಕಕ್ಕೆ ಯೋಗ್ಯ ಎಂದು ಅವರು ತೀರ್ಮಾನಿಸಿದರು. ಈಗ ಎಲ್ಲರ ಜೇಬಿನಲ್ಲೂ ರೆಕಾರ್ಡರ್ ಇದೆ. ತೀರ್ಮಾನಿಸುವವರು ಕಾಣುವುದಿಲ್ಲ. ನಮ್ಮ ಸ್ಟುಡಿಯೊ ಹುಡುಗರು ಎಂದೂ ನೋಡದ ರೋಡ್ಸ್‌ಗಾಗಿ ಹುಡುಕುತ್ತಾರೆ, ಪಕ್ಕದ ಓಣಿಯಲ್ಲಿ ಗವಸು ಹಾಕಿ ಅಟ್ಟಕ್ಕೇರಿಸಿದ ಬೆಂಜೊವನ್ನು ಕೇಳುವುದಿಲ್ಲ.

ಒಂದು ಅಳುಕು ಉಂಟು. ರಸಮಂಜರಿಗೆ ಕೀಬೋರ್ಡು ಬಂದಾಗ ಐದಾರು ವಾದಕರ ಕೆಲಸವನ್ನು ಒಬ್ಬನೇ ಮಾಡತೊಡಗಿದ. ಡಿಜೆ ಬಂದ ಮೇಲೆ ಬೆಂಜೊ ಮೇಳಗಳ ಸೀಜನ್ನಿನ ದುಡಿಮೆಯೂ ಸೊರಗಿತು. ಇನ್ನು ಬೆಂಜೊದ ಒಳ್ಳೆಯ ನಕಲೇ ಬಂದುಬಿಟ್ಟರೆ ಉಳಿದ ನಾಲ್ಕು ಮೇಳಗಳನ್ನು ಯಾರು ಕರೆಯುತ್ತಾರೆ? ಈ ಪ್ರಶ್ನೆಗೆ ಸಾಫ್ಟ್‌ವೇರಿನಲ್ಲಿ ಉತ್ತರವಿಲ್ಲ. ಆದ್ದರಿಂದ ಮುದ್ರಣಕ್ಕೆ ಕೂತ ವಾದಕನಿಗೆ ಆ ದಿನದ ಸಂಭಾವನೆ ಸಲ್ಲಬೇಕು, ಅವನ ಹೆಸರೂ ಅವನ ಊರ ಹೆಸರೂ ಆ ವಾದ್ಯದ ಮೇಲೆ ಇರಬೇಕು, ಅದು ಮಾರಾಟವಾದರೆ ಅವನಿಗೂ ಪಾಲಿರಬೇಕು.

ಕೆಲಸವೇನೂ ಬೆಟ್ಟದಷ್ಟಿಲ್ಲ. ಎರಡು ಸಪ್ತಕದ 24 ಸ್ವರ, ಒಂದೊಂದನ್ನು ಮೂರು ಬಲದಲ್ಲಿ, ಪ್ರತಿಯೊಂದಕ್ಕೂ 4 ಸಲ ಎಂದರೆ 288 ಮೀಟು. ಒಂದಕ್ಕೆ 10 ಸೆಕೆಂಡು ಹಿಡಿದರೂ 48 ನಿಮಿಷ. ತಪ್ಪಿದ್ದನ್ನು ಮತ್ತೆ ನುಡಿಸಲು, ಚಹಾ ಕುಡಿಯಲು ಸೇರಿಸಿ ಒಂದು ಮಧ್ಯಾಹ್ನ. ಅವನ್ನು ಜೋಡಿಸಲು ಡಿಸೆಂಟ್ ಸ್ಯಾಂಪ್ಲರ್‌ನಂಥ ಬಿಟ್ಟಿ ಸಾಫ್ಟ್‌ವೇರು ಇದೆ. ಒಂದು ಸಲ ನೇರವಾಗಿ ಪಿಕಪ್ಪಿನಿಂದ, ಇನ್ನೊಂದು ಸಲ ಭೋಂಗಾದ ಎದುರು ಮೈಕು ಇಟ್ಟು ಮುದ್ರಿಸಬೇಕು. ಬಾಗಿಲು ಕಿಟಕಿ ತೆರೆದಿದ್ದರೂ ನಡೆಯುತ್ತದೆ.