ಆತ್ಮಸಾಕ್ಷಿಯ ಐತಿಹ್ಯ: ಥೋರೋನ ಸೆರೆಮನೆಯ ಒಂದು ರಾತ್ರಿ

ಹತ್ತೊಂಬತ್ತನೆಯ ಶತಮಾನದ ಅಮೆರಿಕನ್ ಚಿಂತನೆಯ ಪ್ರಸ್ತಾಪ ಬಂದಾಗಲೆಲ್ಲ ಒಂದು ಕಥೆ ಕೇಳಿಬರುತ್ತದೆ. ತಲೆಗಂದಾಯ ಕೊಡಲೊಪ್ಪದೆ ಸೆರೆ ಸೇರಿದ್ದ ಹೆನ್ರಿ ಡೇವಿಡ್ ಥೋರೋನನ್ನು ಕಾಣಲು ಬಂದ ಎಮರ್ಸನ್, ಒಳಗೇಕಿರುವೆಯೆಂದು ಕೇಳಿದನಂತೆ. ನೀನು ಹೊರಗೇಕಿರುವೆಯೆಂದು ಥೋರೋ ಮರುಪ್ರಶ್ನಿಸಿದನಂತೆ. ಈ ಭೇಟಿಯನ್ನು ವಿದ್ವಾಂಸರು ವಾಸ್ತವವೆಂದು ಒಪ್ಪುವುದಿಲ್ಲ. ಥೋರೋನ ಪ್ರಬಂಧದಲ್ಲಿಯೂ ಇದರ ಉಲ್ಲೇಖವಿಲ್ಲ. ಜಾನಪದದ ಪರಿಭಾಷೆಯಲ್ಲಿ ಇದೊಂದು ಐತಿಹ್ಯ. ಐತಿಹ್ಯವನ್ನು ಸುಳ್ಳೆಂದು ತಳ್ಳಿಬಿಟ್ಟರೆ ಅಧ್ಯಯನ ಅಲ್ಲಿಗೇ ನಿಲ್ಲುತ್ತದೆ. ಅದು ಏನನ್ನು ಉಳಿಸಿಕೊಂಡಿದೆ, ಏನನ್ನು ಮರೆಸಿದೆ ಎಂಬುದು ಮುಖ್ಯವಾದ ಪ್ರಶ್ನೆ.

ಮ್ಯಾಸಚೂಸೆಟ್ಸಿನ ಕಾಂಕರ್ಡ್‌ನಲ್ಲಿ 1846ರ ಜುಲೈ ತಿಂಗಳ ಒಂದು ರಾತ್ರಿ ಮಾತ್ರ ಥೋರೋ ಸೆರೆಯಲ್ಲಿದ್ದನು. ಬೇರೆ ಯಾರೋ ಕಂದಾಯ ಕಟ್ಟಿದ್ದರಿಂದ ಮರುದಿನವೇ ಬಿಡುಗಡೆಯಾಯಿತು. ಮೆಕ್ಸಿಕೋ ಯುದ್ಧ ಆರಂಭವಾದದ್ದು ಅದೇ ವರ್ಷದ ಮೇ ತಿಂಗಳಲ್ಲಿ. ಅವನು ಕಂದಾಯ ನಿಲ್ಲಿಸಿದ್ದು ಅದಕ್ಕೂ ಹಲವು ವರ್ಷಗಳ ಹಿಂದೆ. ಅವನ ಸ್ನೇಹಿತ ಬ್ರಾನ್ಸನ್ ಆಲ್ಕಾಟ್ ಇದೇ ಕಂದಾಯವನ್ನು ನಿರಾಕರಿಸಿ 1843ರಲ್ಲಿಯೇ ಬಂಧನಕ್ಕೊಳಗಾಗಿದ್ದನು. ಊರಿನ ಮಹಿಳೆಯರು 1837ರಲ್ಲಿ ಗುಲಾಮಗಿರಿ ವಿರೋಧಿ ಸಂಘವನ್ನು ಕಟ್ಟಿದ್ದರು. ಥೋರೋನ ತಾಯಿ ಮತ್ತು ಸೋದರಿಯರು ಅದರಲ್ಲಿದ್ದರು. 1844ರ ಆಗಸ್ಟ್ 1ರಂದು ಗುಲಾಮರ ವಿಮೋಚನೆಯನ್ನು ಕುರಿತು ಎಮರ್ಸನ್ ಮಾಡಿದ ಭಾಷಣಕ್ಕೆ ಚರ್ಚಿನ ಗಂಟೆ ಬಾರಿಸಿ ಜನರನ್ನು ಕರೆದವನು ಥೋರೋ. ಒಂಟಿ ವೀರನೊಬ್ಬನ ಐತಿಹ್ಯ ಮರೆಸಿರುವುದು ಈ ಮನೆ, ನೆರೆ, ಸಂಘಗಳ ಪರಿಸರವನ್ನು.

ಆದರೆ ದೋಷವೆಲ್ಲ ಐತಿಹ್ಯದ್ದಲ್ಲ. 1848ರಲ್ಲಿ ಊರಿನ ಲೈಸಿಯಂನಲ್ಲಿ ನೆರೆಹೊರೆಯವರೆದುರು ಉಪನ್ಯಾಸವಾಗಿ ಹುಟ್ಟಿದ ಈ ಪ್ರಬಂಧ 1849ರಲ್ಲಿ ಅಚ್ಚಾಯಿತು. ‘ಸಿವಿಲ್ ಡಿಸ್‌ಒಬೀಡಿಯನ್ಸ್’ ಎಂಬ ಪ್ರಸಿದ್ಧ ಶೀರ್ಷಿಕೆ ಬಂದದ್ದು ಲೇಖಕ ತೀರಿಕೊಂಡ ನಾಲ್ಕು ವರ್ಷಗಳ ನಂತರ, 1866ರಲ್ಲಿ. ಸೆರೆಯ ಜೊತೆಗಾರನನ್ನು ವಿವರವಾಗಿ ಚಿತ್ರಿಸುವ ಥೋರೋ, ತಾಯಿ ಮತ್ತು ಸೋದರಿಯರ ಸಂಘವನ್ನಾಗಲಿ ಆಲ್ಕಾಟ್‌ನ ಬಂಧನವನ್ನಾಗಲಿ ಹೆಸರಿಸುವುದಿಲ್ಲ. ಆತ್ಮಸಾಕ್ಷಿಯನ್ನು ಒಬ್ಬನ ಸ್ವತ್ತನ್ನಾಗಿಸುವ ಕೆಲಸ ಪಠ್ಯದೊಳಗೇ ಆರಂಭವಾಗಿದೆ.

ಇದರ ಪರಿಣಾಮ ಕೇವಲ ಸಾಹಿತ್ಯಿಕವಾದುದಲ್ಲ. ಲೋಕವನ್ನು ತಿದ್ದುವುದು ಪ್ರತಿಯೊಬ್ಬನ ಹೊಣೆಯಲ್ಲ, ಅನ್ಯಾಯಕ್ಕೆ ಕೈಜೋಡಿಸದಿರುವುದು ಮಾತ್ರ ತಪ್ಪಿಸಿಕೊಳ್ಳಲಾಗದ ಕರ್ತವ್ಯ ಎಂಬುದು ಪ್ರಬಂಧದ ನಿಲುವು. 1850ರ ಪಲಾಯಿತ ಗುಲಾಮರ ಕಾಯಿದೆ ಈ ನಿಲುವನ್ನೇ ಪರೀಕ್ಷೆಗೊಡ್ಡಿತು. ಓಡಿಬಂದವರನ್ನು ಹಿಡಿಯಲು ನಾಗರಿಕರು ನೆರವಾಗಬೇಕೆಂದು ಅದು ವಿಧಿಸಿತು. ಆಶ್ರಯ ಕೊಟ್ಟವರಿಗೆ 1,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಸೆರೆ. ಕೈತೊಳೆದುಕೊಂಡು ದೂರ ನಿಲ್ಲುವ ಅವಕಾಶವೇ ಉಳಿಯಲಿಲ್ಲ. 1854ರಲ್ಲಿ ಆಂಥೊನಿ ಬರ್ನ್ಸ್‌ನನ್ನು ಬಾಸ್ಟನ್ನಿನಿಂದ ಮರಳಿ ದಾಸ್ಯಕ್ಕೆ ಒಯ್ದಾಗ ಥೋರೋ ತನ್ನ ರಾಜ್ಯವನ್ನೇ ಬಹಿರಂಗವಾಗಿ ಖಂಡಿಸಿದನು. 1859ರಲ್ಲಿ ಶಸ್ತ್ರ ಹಿಡಿದ ಜಾನ್ ಬ್ರೌನ್‌ನ ಪರವಾಗಿ ಮಾತನಾಡಿದನು. ಅಸಹಕಾರದಿಂದ ಸಶಸ್ತ್ರ ಪ್ರತಿರೋಧದ ಸಮರ್ಥನೆಯವರೆಗಿನ ಈ ಪಯಣವನ್ನು ಒಂದು ರಾತ್ರಿಯ ಕಥೆ ಹೇಳಲಾರದು.

ಭಾರತದಲ್ಲಿಯೂ ಇಂಥದೇ ಸರಳೀಕರಣ ನಡೆದಿದೆ. ಗಾಂಧೀಜಿಯವರು 1907ರಲ್ಲಿ ‘ಇಂಡಿಯನ್ ಒಪೀನಿಯನ್’ ಪತ್ರಿಕೆಯಲ್ಲಿ ಥೋರೋನನ್ನು ಪರಿಚಯಿಸಿದ್ದು ನಿಜ. ಆದರೆ ತಮ್ಮ ಪ್ರತಿರೋಧದ ಕಲ್ಪನೆ ಅವನಿಂದ ಬಂದುದಲ್ಲವೆಂದು 1935ರಲ್ಲಿ ಅವರೇ ಸ್ಪಷ್ಟಪಡಿಸಿದರು. ಆ ಪ್ರಬಂಧ ಕೈಸೇರುವ ಮೊದಲೇ ದಕ್ಷಿಣ ಆಫ್ರಿಕದ ಭಾರತೀಯರ ಹೋರಾಟ ಬೆಳೆದಿತ್ತು.

ಅಧಿಕಾರದೆದುರು ‘ಇಲ್ಲ’ ಎನ್ನುವ ಕ್ಷಣದಲ್ಲಿ ಮನುಷ್ಯ ಒಬ್ಬಂಟಿ ಎಂಬ ಸತ್ಯವನ್ನು ಐತಿಹ್ಯ ಕಾಪಾಡಿಕೊಂಡಿದೆ. ಆ ಒಂದು ಮಾತನ್ನು ಕಲಿಸಿದವರು ಮಾತ್ರ ಹಲವರು. ಅವರನ್ನು ಮರಳಿ ಕಥೆಯೊಳಗೆ ತಾರದ ಹೊರತು ಥೋರೋನ ಓದು ಪೂರ್ಣವಾಗದು.