‘ರೆಪೆತಿಸಿಯೊಂ’ ಎಂಬ ಫ್ರೆಂಚ್ ಪದದ ಅರ್ಥವಿಚಾರ

ಫ್ರೆಂಚ್ ಭಾಷೆಯ ‘ರೆಪೆತಿಸಿಯೊಂ’ ಎಂಬ ಪದಕ್ಕೆ ಕನ್ನಡದಲ್ಲಿ ‘ಪುನರುಕ್ತಿ’ ಎಂಬುದೇ ಮೊದಲು ತೋರುವುದು. ಈ ಸಮಾನಪದವು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಇಲ್ಲಿ ವಿಚಾರಿಸಬೇಕಾಗಿದೆ. ಪುನರುಕ್ತಿಯೆಂದರೆ ಹೇಳಿದುದನ್ನೇ ಹೇಳುವುದು. ಆಲಂಕಾರಿಕರು ಇದನ್ನು ದೋಷಗಳಲ್ಲಿ ಎಣಿಸಿರುವರು. ಫ್ರೆಂಚ್ ಪದಕ್ಕೂ ಈ ಅರ್ಥವುಂಟು. ಆದರೆ ಅದರ ವ್ಯಾಪ್ತಿಯು ಇಷ್ಟಕ್ಕೇ ಮುಗಿಯದು. ನಾಟಕದವರ ತಾಲೀಮು ‘ರೆಪೆತಿಸಿಯೊಂ’. ಶಿಷ್ಯನಿಗೆ ಮನೆಯಲ್ಲಿ ಹೇಳಿಕೊಡುವ ಖಾಸಗಿ ಪಾಠಕ್ಕೂ ಅದೇ ಹೆಸರು. ಗುಂಡಿಯನ್ನೊತ್ತಿದೊಡನೆ ಗಂಟೆಯನ್ನು ಬಾರಿಸಿ ತಿಳಿಸುವ ಗಡಿಯಾರಕ್ಕೂ ಅದೇ ವಿಶೇಷಣ. ಇವುಗಳಲ್ಲಿ ದೋಷದ ಸೋಂಕೇ ಇಲ್ಲ. ಇದರ ಮೂಲವಾದ ಲ್ಯಾಟಿನ್ ಧಾತುವಿಗೆ ‘ಮತ್ತೆ ಅರಸು’ ಎಂದರ್ಥವೇ ಹೊರತು ‘ಮತ್ತೆ ನುಡಿ’ ಎಂದಲ್ಲ.

ಈ ಭೇದವು ನಿಘಂಟುಕಾರರಿಗೆ ಮಾತ್ರ ಸಂಬಂಧಪಟ್ಟುದಲ್ಲ. ಡೆನ್ಮಾರ್ಕಿನ ಕಿರ್ಕೆಗಾರ್ಡನು 1843ರಲ್ಲಿ ಪ್ರಕಟಿಸಿದ ಗ್ರಂಥವೊಂದರ ಹೆಸರಿಗೆ ‘ಮತ್ತೆ ಪಡೆಯುವಿಕೆ’ ಎಂದು ಅಕ್ಷರಾರ್ಥ. 1933ರ ಫ್ರೆಂಚ್ ಅನುವಾದದಲ್ಲಿ ತಿಸ್ಸೋ ಅವರು ಅದನ್ನು ‘ರೆಪೆತಿಸಿಯೊಂ’ ಎಂದರು. 1990ರಲ್ಲಿ ನೆಲ್ಲಿ ವಿಯಲನೆ ಅವರು ಅದನ್ನು ಬಿಟ್ಟು ‘ರಪ್ರೀಜ್’ ಎಂಬುದನ್ನು ಆರಿಸಿದರು. ನಿಂತುದನ್ನು ಮತ್ತೆ ಕೈಗೊಳ್ಳುವುದು, ಹರಿದ ಬಟ್ಟೆಗೆ ನೂಲು ಹೆಣೆದು ಸರಿಪಡಿಸುವುದು ಈ ಎರಡನೆಯ ಪದದ ಅರ್ಥಗಳು. ಕಳೆದುದನ್ನು ಮರಳಿ ಪಡೆಯಬಹುದೇ ಎಂಬ ಗ್ರಂಥಕಾರನ ಪ್ರಶ್ನೆಗೆ ಇದೇ ಹೆಚ್ಚು ಒಪ್ಪುವುದು. ಪೀಟರ್ ಬ್ರೂಕ್ ಅವರಾದರೋ 1968ರ ತಮ್ಮ ರಂಗಭೂಮಿವಿಚಾರದ ಕೊನೆಯಲ್ಲಿ ತಾಲೀಮಿನ ಈ ಪದವನ್ನೇ ಹಿಡಿದು, ಬರಿಯ ಯಾಂತ್ರಿಕ ಆವರ್ತನೆಯು ಜೀವವನ್ನು ಕೊಲ್ಲುವುದೆಂದೂ ಪ್ರೇಕ್ಷಕರ ಸಹಭಾಗದಿಂದಲೇ ಅದು ಮತ್ತೆ ಜೀವತಳೆಯುವುದೆಂದೂ ತೋರಿಸಿದ್ದಾರೆ.

ಹಾಗಾದರೆ ನಮಗೆ ತಕ್ಕ ಪದವಾವುದು? ‘ಅಭ್ಯಾಸ’ವೆಂದು ನಮ್ಮ ಅಭಿಪ್ರಾಯ. ಪಾಣಿನಿಯ ವ್ಯಾಕರಣದಲ್ಲಿ ದ್ವಿರುಕ್ತವಾದ ಧಾತುವಿನ ಮೊದಲ ಭಾಗಕ್ಕೆ ಅಭ್ಯಾಸವೆಂದು ಸಂಜ್ಞೆ. ವೇದಾಂತಿಗಳು ತಾತ್ಪರ್ಯನಿರ್ಣಯದ ಆರು ಲಿಂಗಗಳಲ್ಲಿ ಅಭ್ಯಾಸವನ್ನೂ ಸೇರಿಸಿರುವರು: ಮತ್ತೆ ಮತ್ತೆ ಹೇಳಿರುವುದೇ ಅಲ್ಲಿ ಆಶಯಕ್ಕೆ ಪ್ರಮಾಣ. ಸಂಗೀತಗಾರರ ಸಾಧನೆಗೂ ಇದೇ ಮಾತು ಸಲ್ಲುವುದು. ಹೀಗೆ ಆವೃತ್ತಿ, ಸಾಧನೆಗಳೆರಡೂ ಒಂದೇ ಪದದಲ್ಲಿ ಅಡಗಿರುವುವು.

ಈಗಿನ ಬಳಕೆಯಲ್ಲಿ ‘ಅಭ್ಯಾಸ’ವು ರೂಢಿ, ವ್ಯಾಸಂಗ ಎಂಬರ್ಥಗಳಿಗೆ ಸರಿದಿದೆಯೆಂಬ ಆಕ್ಷೇಪವು ನ್ಯಾಯವಾದುದೇ. ಗಡಿಯಾರದ ವಿಷಯದಲ್ಲಿ ಅದು ಸಲ್ಲದು. ಕಿರ್ಕೆಗಾರ್ಡನ ಗ್ರಂಥಕ್ಕೂ ‘ಮರುಪಡೆ’ ಎಂಬಂತಹ ಅಚ್ಚಗನ್ನಡ ಮಾತೇ ಲೇಸು. ಆದರೂ ಪುನರುಕ್ತಿಯೆಂದು ಬರೆದು ನಟನ ಶ್ರಮವನ್ನು ಕವಿಯ ದೋಷದೊಡನೆ ಸೇರಿಸುವುದಕ್ಕಿಂತ, ಪ್ರಕರಣವನ್ನರಿತು ಪದವನ್ನು ಬದಲಿಸುವುದೇ ಅನುವಾದಕನ ಧರ್ಮ.