ಪ್ರಯೋಗದ ಇಲಿ: ಒಂದು ಸಾಕ್ಷ್ಯವಿಮರ್ಶೆ

ರೋಗನಿರೋಧ ಶಕ್ತಿ ಕುಂದಿದ ಇಲಿಗೆ ಬ್ಯಾಕ್ಟೀರಿಯವನ್ನು ಸೇರಿಸಿ ರೋಗದ ಗತಿಯನ್ನು ಪರೀಕ್ಷಿಸುವ ಪ್ರಯೋಗಗಳನ್ನು ವಿವರಿಸುವಾಗ, ಇಲಿ ಸತ್ತಿತು, ಆದುದರಿಂದ ದುರ್ಬಲನಾದ ಮನುಷ್ಯನಿಗೂ ಅದೇ ಗತಿ ಎಂದು ತೀರ್ಮಾನಿಸಿಬಿಡುವ ರೂಢಿಯೊಂದುಂಟು. ವಿಜ್ಞಾನವು ನಮ್ಮ ಕ್ಷೇತ್ರವಲ್ಲ. ಆದರೆ ಸಾಕ್ಷ್ಯವನ್ನು ನಂಬುವ ಮೊದಲು ಸಾಕ್ಷಿಯನ್ನೇ ಪರೀಕ್ಷಿಸಬೇಕೆಂಬುದು ಇತಿಹಾಸಕಾರನ ಮೊದಲ ಪಾಠ. ಆ ದೃಷ್ಟಿಯಿಂದ ಈ ರೂಢಿಯನ್ನು ಇಲ್ಲಿ ವಿವೇಚಿಸುತ್ತೇವೆ.

ವಿಷಮಶೀತ ಜ್ವರವನ್ನೇ ತೆಗೆದುಕೊಳ್ಳೋಣ. ಅದನ್ನುಂಟುಮಾಡುವ ಸಾಲ್ಮೊನೆಲ್ಲಾ ಟೈಫಿ ಮನುಷ್ಯನ ರೋಗಾಣು; ಸಾಮಾನ್ಯ ಇಲಿಯಲ್ಲಿ ಅದು ಈ ಜ್ವರವನ್ನು ತರಲಾರದು. ಆದಕಾರಣ ಅದರ ದಾಯಾದಿಯಾದ ಟೈಫಿಮ್ಯೂರಿಯಮ್ಮನ್ನು ಪ್ರಯೋಗಕ್ಕೆ ಬಳಸುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಇಂತಹ ಅಧ್ಯಯನಗಳು ನಡೆದಿವೆ. ಟೈಫಿಮ್ಯೂರಿಯಂ ಮನುಷ್ಯನಲ್ಲಿ ಸಾಮಾನ್ಯವಾಗಿ ವಾಂತಿಭೇದಿಯನ್ನು ತರುತ್ತದೆ. ಇಲಿಯಲ್ಲಾದರೋ ಯಕೃತ್ತು, ಗುಲ್ಮಗಳನ್ನು ಹೊಕ್ಕು ವಿಷಮಶೀತವನ್ನು ಹೋಲುವ ರೋಗವನ್ನು ಬೆಳೆಸುತ್ತದೆ.

ಇಲಿಯ ವಂಶವನ್ನೂ ವಿಚಾರಿಸತಕ್ಕದ್ದು. ಪ್ರಯೋಗಶಾಲೆಗಳಲ್ಲಿ ವಿಶೇಷವಾಗಿ ಬಳಕೆಯಲ್ಲಿರುವ ಸಿ57 ಕರಿಯಿಲಿಗಳೂ ಬಾಲ್ಬ್-ಸಿ ಬಿಳಿಯಿಲಿಗಳೂ ಈ ರೋಗಕ್ಕೆ ಬೇಗನೆ ಬಲಿಯಾಗುತ್ತವೆ; 129 ಎಂಬ ವಂಶದವು ಬಹುಮಟ್ಟಿಗೆ ತಡೆದುಕೊಳ್ಳುತ್ತವೆ. ಈ ಅಂತರಕ್ಕೆ ಕಾರಣವಾದ ಎನ್‌ರ್ಯಾಂಪ್-1 ಎಂಬ ಜೀನನ್ನು 1993ರಲ್ಲಿ ಮಾಂಟ್ರಿಯಲ್ಲಿನ ಸಂಶೋಧಕರು ಗುರುತಿಸಿದರು. ಭಕ್ಷಕಕಣವು ನುಂಗಿದ ಬ್ಯಾಕ್ಟೀರಿಯಕ್ಕೆ ಲೋಹಾಂಶ ದಕ್ಕದಂತೆ ಮಾಡುವ ಪ್ರೋಟೀನು ಅದರಿಂದ ಉಂಟಾಗುತ್ತದೆ. ಒಂದೇ ಒಂದು ಅಮೈನೋ ಆಮ್ಲ ಬದಲಾದುದರಿಂದ ಮೊದಲೆರಡು ವಂಶಗಳಲ್ಲಿ ಆ ಪ್ರೋಟೀನು ಕೆಟ್ಟಿದೆ. ಎಂದರೆ, ಆರೋಗ್ಯವಂತವೆಂದು ನಾವು ಎಣಿಸುವ ಇಲಿಯೂ ಹುಟ್ಟಿನಿಂದ ಕುಂದುಳ್ಳದ್ದು. ಆದರೆ ವಿಯೆಟ್ನಾಮಿನ ರೋಗಿಗಳನ್ನು ಕುರಿತು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆ ಜೀನಿನ ಭೇದಗಳಿಗೂ ವಿಷಮಶೀತಕ್ಕೂ ಸಂಬಂಧ ಕಂಡುಬರಲಿಲ್ಲ.

ಇಷ್ಟರಿಂದ ಪ್ರಯೋಗಗಳು ನಿರರ್ಥಕವೆಂದು ಹೇಳುವುದು ನಮ್ಮ ಉದ್ದೇಶವಲ್ಲ. ನಿರೋಧಶಕ್ತಿಯ ಒಂದು ಅಂಗವನ್ನು ತೆಗೆದು ನೋಡಿದಾಗ ಆ ಅಂಗದ ಕೆಲಸವೇನೆಂಬುದು ತಿಳಿಯುತ್ತದೆ. ಇದು ಸಣ್ಣ ಲಾಭವಲ್ಲ. ಅದನ್ನು ಮೀರಿ ಹೇಳಿಸಹೊರಟಾಗಲೇ ದೋಷ. ನಮ್ಮ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ದೊರೆತ ಅಶೋಕನ ಶಾಸನದಲ್ಲಿ ಹಲವು ಅಕ್ಷರಗಳು ಅಳಿದಿವೆ. ಅಳಿದ ಎಡೆ ಯಾವುದೆಂದು ಗುರುತಿಸಿಕೊಂಡೇ ಉಳಿದುದನ್ನು ಓದುತ್ತೇವೆ. ಇಲಿಯ ಸಾಕ್ಷ್ಯವನ್ನೂ ಹಾಗೆಯೇ ಓದಬೇಕು: ಯಾವ ವಂಶ, ಯಾವ ಕುಂದು, ಯಾವ ರೋಗಾಣು, ಎಷ್ಟು ಪ್ರಮಾಣ, ಯಾವ ಮಾರ್ಗ.

ಗುಂಜಹಳ್ಳಿಯಂತಹ ಊರಿನಲ್ಲಿ ಅರೆಹೊಟ್ಟೆಯಿಂದ ಬಲಗುಂದಿದ ಮಗುವಿನ ದೌರ್ಬಲ್ಯ ಒಂದು ಜೀನಿನ ಕುಂದಲ್ಲ. ಅದಕ್ಕೆ ಜ್ವರ ತಗಲುವುದು ಸೂಜಿಯಿಂದಲ್ಲ, ಹೊಲಸು ಬೆರೆತ ನೀರಿನಿಂದ, ಅನ್ನದಿಂದ. ಇಲಿಯ ಕಥೆಯನ್ನೇ ಆ ಮಗುವಿನ ಕಥೆಯೆಂದು ಬೋಧಿಸಿದರೆ, ವಿದ್ಯಾರ್ಥಿಯು ದೇಹದೊಳಗಿನ ಕೊರತೆಯನ್ನು ಕಂಡಾನು, ಊರಿನ ನೀರನ್ನು ಮರೆತಾನು.